ಗುಲಾಮಗಿರಿಯ ಕಾಲದ ಸಿನಿಮಾವೊಂದರ ನೈತಿಕತೆಯನ್ನು ಕುರಿತು ಬರೆಯುವುದು ಹೇಗೆ?

ಗುಲಾಮಗಿರಿಯ ಕಾಲವನ್ನು ಚಿತ್ರಿಸುವ ಸಿನಿಮಾ ನೋಡಿ ಅದರ ಬಗ್ಗೆ ಬರೆಯಲು ಕುಳಿತವರು ಸಾಮಾನ್ಯವಾಗಿ ಎರಡು ಮಾತು ಬರೆಯುತ್ತಾರೆ: ಆ ವ್ಯವಸ್ಥೆ ಕ್ರೂರವಾಗಿತ್ತು, ಮನುಷ್ಯ ಮೂಲತಃ ಕ್ರೂರಿ. ಮೊದಲನೆಯದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಎರಡನೆಯದನ್ನು ಸಾಬೀತುಪಡಿಸಲು ಎರಡು ಗಂಟೆಯ ಒಂದು ಸಿನಿಮಾ ಸಾಲದು. ಈ ಎರಡೂ ಮಾತನ್ನು ಸಿನಿಮಾ ನೋಡದೆಯೇ ಬರೆದುಬಿಡಬಹುದು ಎಂಬುದು ಇನ್ನೂ ದೊಡ್ಡ ತೊಂದರೆ. ಒಳ್ಳೆಯ ವಿಮರ್ಶೆ ಆ ಸಿನಿಮಾ ಮಾತ್ರ ತೋರಿಸಬಲ್ಲ ಯಾವುದನ್ನೋ ಹಿಡಿದು ಹೇಳಬೇಕು.

ಇಲ್ಲಿ ಒಂದೇ ಸಿನಿಮಾವನ್ನು ಮುಂದಿಟ್ಟುಕೊಂಡು ವಿಧಾನವನ್ನು ವಿವರಿಸುತ್ತೇನೆ. ಅದು 2013ರಲ್ಲಿ ಬಂದ, ಸ್ಟೀವ್ ಮೆಕ್ವೀನ್ ನಿರ್ದೇಶನದ ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’. ನ್ಯೂಯಾರ್ಕ್ ರಾಜ್ಯದಲ್ಲಿ ಸ್ವತಂತ್ರನಾಗಿಯೇ ಹುಟ್ಟಿದ ಕಪ್ಪು ವರ್ಣದ ಪಿಟೀಲುವಾದಕ ಸಾಲೊಮನ್ ನಾರ್ಥಪ್‌ನನ್ನು 1841ರಲ್ಲಿ ವಾಷಿಂಗ್ಟನ್ ನಗರದಲ್ಲಿ ಅಪಹರಿಸಿ, ಲೂಯಿಸಿಯಾನಾ ರಾಜ್ಯಕ್ಕೆ ಸಾಗಿಸಿ ಮಾರಲಾಯಿತು. 1853ರ ಜನವರಿಯಲ್ಲಿ ಬಿಡುಗಡೆಯಾದ ಆತ ಅದೇ ವರ್ಷ ತನ್ನ ಕಥೆಯನ್ನು ಪುಸ್ತಕವಾಗಿ ಪ್ರಕಟಿಸಿದ. ಸಿನಿಮಾಕ್ಕೆ ಆಧಾರ ಆ ಪುಸ್ತಕ. ಈ ಸಿನಿಮಾವನ್ನೇ ಆರಿಸಿದ್ದಕ್ಕೆ ಕಾರಣ ಸರಳ: ಪುಸ್ತಕವನ್ನೂ ತೆರೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಇಲ್ಲಿದೆ, ಮತ್ತು ಎರಡೂ ಎಲ್ಲ ಕಡೆಯೂ ಒಂದೇ ತೀರ್ಪು ಕೊಡುವುದಿಲ್ಲ.

ವಿಧಾನದ ತಿರುಳು ಇಷ್ಟು. ಪಾತ್ರವೊಂದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದನ್ನು ಮುಂದಕ್ಕೆ ಹಾಕಿ, ಅದಕ್ಕೂ ಮೊದಲು ನಾಲ್ಕು ಸಂಗತಿಗಳನ್ನು ಗುರುತು ಮಾಡಿಕೊಳ್ಳಿ. ಈ ವ್ಯಕ್ತಿಗೆ ಏನು ಗೊತ್ತಿತ್ತು? ಆತನ ಕೈಯಲ್ಲಿ ಏನಿತ್ತು? ಏನು ಮಾಡಿದ? ಬೇರೆ ಥರ ಮಾಡಿದ್ದರೆ ಆತ ಏನನ್ನು ಕಳೆದುಕೊಳ್ಳುತ್ತಿದ್ದ? ಈ ಪ್ರಶ್ನೆಗಳಿಗೆ ದೃಶ್ಯಗಳಿಂದಲೇ ಉತ್ತರ ಹುಡುಕಿದರೆ, ಮನುಷ್ಯ ಸ್ವಭಾವ ಎಂಬ ದೊಡ್ಡ ಮಾತು ತಾನಾಗಿಯೇ ಸಣ್ಣ ಸಣ್ಣ, ಪರೀಕ್ಷಿಸಿ ನೋಡಬಹುದಾದ ಮಾತುಗಳಾಗಿ ಒಡೆಯುತ್ತದೆ.

ಮೊದಲು ಆ ಕಾಲದ ಕಾನೂನು ತಿಳಿಯಿರಿ

ನಾಲ್ಕು ಪ್ರಶ್ನೆಗಳಲ್ಲಿ ಎರಡನೆಯದಕ್ಕೆ, ಅಂದರೆ ಕೈಯಲ್ಲಿ ಏನಿತ್ತು ಎಂಬುದಕ್ಕೆ, ಸಿನಿಮಾವೊಂದರಿಂದಲೇ ಉತ್ತರ ಸಿಗಲಾರದು. ಅದಕ್ಕೆ ಸ್ವಲ್ಪ ಚರಿತ್ರೆ ಬೇಕು. ಪುಸ್ತಕಗಟ್ಟಲೆ ಓದಬೇಕಾಗಿಲ್ಲ, ಕಥೆಯ ಕಾಲ ಮತ್ತು ಸ್ಥಳಕ್ಕೆ ಸಂಬಂಧಿಸಿದ ಕೆಲವು ಕಾನೂನುಗಳು ಗೊತ್ತಿದ್ದರೆ ಸಾಕು. ಅಮೆರಿಕ 1808ರಿಂದ ಹೊರದೇಶಗಳಿಂದ ಗುಲಾಮರನ್ನು ತರುವುದನ್ನು ನಿಷೇಧಿಸಿತ್ತು, ಆದರೆ ದೇಶದೊಳಗಿನ ಮಾರಾಟವನ್ನು ನಿಷೇಧಿಸಿರಲಿಲ್ಲ. ದಕ್ಷಿಣದಲ್ಲಿ ಹತ್ತಿ ಬೆಳೆ ಹಬ್ಬಿದಂತೆ ದುಡಿಯುವ ಮೈಗಳಿಗೆ ಬೆಲೆ ಏರಿತು, ಉತ್ತರದ ಸ್ವತಂತ್ರ ಕಪ್ಪು ಜನರನ್ನು ಕದ್ದು ಮಾರುವುದು ಲಾಭದ ದಂಧೆಯಾಯಿತು. ನ್ಯೂಯಾರ್ಕ್‌ನಲ್ಲಿ ಗುಲಾಮಗಿರಿ 1827ರಲ್ಲೇ ಕೊನೆಗೊಂಡಿತ್ತು. ರಾಜಧಾನಿ ವಾಷಿಂಗ್ಟನ್‌ನಲ್ಲಿ ಗುಲಾಮರ ವ್ಯಾಪಾರ 1850ರವರೆಗೂ ಕಾನೂನುಬದ್ಧವಾಗಿಯೇ ನಡೆಯಿತು. ನಾರ್ಥಪ್‌ನನ್ನು ಕೂಡಿಹಾಕಿದ ಕೊಟ್ಟಡಿಯ ಕಿಟಕಿಯಿಂದ ಮೇಲಕ್ಕೆ ಸರಿಯುವ ಕ್ಯಾಮೆರಾ ಸಂಸತ್ ಭವನವನ್ನು ತೋರಿಸುವಾಗ ಅದು ಬರೀ ವ್ಯಂಗ್ಯವಲ್ಲ, ಅಕ್ಷರಶಃ ಸತ್ಯ ಎಂಬುದು ಇಷ್ಟು ತಿಳಿದವರಿಗೆ ಮಾತ್ರ ಹೊಳೆಯುತ್ತದೆ.

ಇನ್ನೂ ಎರಡು ಸಂಗತಿಗಳು ಉಪಯೋಗಕ್ಕೆ ಬರುತ್ತವೆ. ಗುಲಾಮರಿಗೆ ಓದು ಬರಹ ಕಲಿಸುವುದನ್ನು ಲೂಯಿಸಿಯಾನಾ 1830ರಲ್ಲಿ ಅಪರಾಧವೆಂದು ಸಾರಿತ್ತು. ಆದ್ದರಿಂದ ನಾರ್ಥಪ್ ತನ್ನ ಅಕ್ಷರಜ್ಞಾನವನ್ನು ಮುಚ್ಚಿಡುವುದು ಪ್ರಾಣ ಉಳಿಸಿಕೊಳ್ಳುವ ಎಚ್ಚರ. ಗುಲಾಮನಾದವನು ಬಿಳಿಯರ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವಂತಿರಲಿಲ್ಲ. ಆದ್ದರಿಂದ ‘ಅವನು ಯಾಕೆ ಯಾರಿಗೂ ಹೇಳಲಿಲ್ಲ’ ಎಂಬ ಪ್ರಶ್ನೆಯನ್ನು ನಿಮ್ಮ ಲೇಖನದಲ್ಲಿ ಎತ್ತುವುದೇ ಬೇಡ.

ಕೆಡುಕನಿಂದಲ್ಲ, ಸಜ್ಜನನಿಂದ ಆರಂಭಿಸಿ

ಈ ಸಿನಿಮಾ ಕುರಿತ ಬರಹಗಳಲ್ಲಿ ಹೆಚ್ಚಿನವು ನಾರ್ಥಪ್‌ನ ಕೊನೆಯ ಒಡೆಯನಾದ ಎಡ್ವಿನ್ ಎಪ್ಸ್ ಎಂಬ ಕ್ರೂರಿಯ ಸುತ್ತ ಸುತ್ತುತ್ತವೆ. ನನ್ನ ಸಲಹೆ ಬೇರೆ. ನಾರ್ಥಪ್‌ನನ್ನು ಮೊದಲು ಕೊಂಡ ವಿಲಿಯಂ ಫೋರ್ಡ್‌ನಿಂದ ಶುರುಮಾಡಿ. ಕೆಟ್ಟವನು ಕೆಟ್ಟದ್ದು ಮಾಡುವುದರಿಂದ ನೈತಿಕತೆಯ ಬಗ್ಗೆ ನಾವು ಕಲಿಯುವುದು ಬಹಳ ಕಡಿಮೆ. ಮೃದು ಮನಸ್ಸಿನ, ದೇವರಿಗೆ ಹೆದರುವ, ಕೈಯೆತ್ತಿ ಹೊಡೆಯದ ಮನುಷ್ಯ ಅದೇ ವ್ಯವಸ್ಥೆಯೊಳಗೆ ಏನಾಗುತ್ತಾನೆ ಎಂಬಲ್ಲಿ ವಿಷಯದ ಜೀವ ಇದೆ.

ನ್ಯೂ ಆರ್ಲಿಯನ್ಸ್‌ನ ಮಾರಾಟದ ದೃಶ್ಯವನ್ನು ಮತ್ತೊಮ್ಮೆ ನೋಡಿ. ಮನೆಯೊಂದರ ಅಚ್ಚುಕಟ್ಟಾದ ಕೋಣೆಗಳಲ್ಲಿ ಬೆತ್ತಲೆ ನಿಂತವರ ನಡುವೆ ಗಿರಾಕಿಗಳು ಓಡಾಡುತ್ತಾರೆ, ಸಂಗೀತ ನುಡಿಯುತ್ತಿರುತ್ತದೆ. ಎಲೈಜಾ ಎಂಬ ತಾಯಿ ತನ್ನನ್ನೂ ಮಕ್ಕಳನ್ನೂ ಒಟ್ಟಿಗೆ ಕೊಳ್ಳಿ ಎಂದು ಗೋಗರೆಯುತ್ತಾಳೆ. ಮಗ ಬೇರೊಬ್ಬನ ಪಾಲಾಗುತ್ತಾನೆ. ಮಗಳನ್ನಾದರೂ ತಾಯಿಯೊಂದಿಗೆ ಕೊಡು ಎಂದು ಫೋರ್ಡ್ ವ್ಯಾಪಾರಿಯನ್ನು ಕೇಳುತ್ತಾನೆ. ಆಕೆ ದೊಡ್ಡವಳಾದ ಮೇಲೆ ಹೆಚ್ಚಿನ ಹಣ ತರುತ್ತಾಳೆಂದು ವ್ಯಾಪಾರಿ ಒಪ್ಪುವುದಿಲ್ಲ. ಫೋರ್ಡ್‌ನ ಮುಖದಲ್ಲಿ ಸಂಕಟ ನಿಜವಾಗಿಯೇ ಕಾಣುತ್ತದೆ. ಆಮೇಲೆ ಆತ ತಾಯಿಯೊಬ್ಬಳನ್ನೇ ಕೊಂಡು ಹೊರಡುತ್ತಾನೆ. ಈಗ ನಾಲ್ಕು ಪ್ರಶ್ನೆ ಹಾಕಿ: ಗೊತ್ತಿತ್ತು, ಕಣ್ಣೆದುರೇ ನಡೆಯಿತು, ಬೇಡವೆಂದು ಹೊರಟುಬಿಡುವ ಅಧಿಕಾರ ಇತ್ತು, ಸಂಕಟಪಟ್ಟ, ದುಡ್ಡು ಕೊಟ್ಟ, ಕೊಳ್ಳದೆ ಹೋಗಿದ್ದರೆ ಆತನಿಗೆ ಒಬ್ಬ ಕೆಲಸದಾಳಿನಷ್ಟು ನಷ್ಟ. ಫೋರ್ಡ್‌ನ ಮನೆ ತಲುಪಿದ ಎಲೈಜಾಳಿಗೆ ಅವನ ಹೆಂಡತಿ, ಒಂದಿಷ್ಟು ಊಟ ವಿಶ್ರಾಂತಿ ಆದರೆ ಮಕ್ಕಳು ಬೇಗ ಮರೆತುಹೋಗುತ್ತಾರೆ ಎಂಬ ಅರ್ಥದ ಸಮಾಧಾನ ಹೇಳುತ್ತಾಳೆ. ಆ ಮಾತಿನಲ್ಲಿ ದ್ವೇಷ ಒಂದಿಷ್ಟೂ ಇಲ್ಲ. ಎದುರಿಗಿರುವವಳೂ ತನ್ನಂತೆಯೇ ತಾಯಿ ಎಂಬ ಕಲ್ಪನೆ ಮಾತ್ರ ಇಲ್ಲ.

ಮುಂದೆ ಫೋರ್ಡ್ ಬೈಬಲ್ ಓದುವಾಗ ಎಲೈಜಾಳ ಅಳು ಅವನ ಧ್ವನಿಯೊಂದಿಗೆ ಬೆರೆಯುತ್ತದೆ. ಎರಡು ಧ್ವನಿಗಳನ್ನು ಒಂದರ ಮೇಲೊಂದು ಹೇರುವ ಈ ಕ್ರಮವನ್ನು ನಿಮ್ಮ ಲೇಖನ ಗಮನಿಸಲೇಬೇಕು, ಏಕೆಂದರೆ ಯಾವ ಪಾತ್ರವೂ ಬಾಯಿಬಿಟ್ಟು ಆಡದ ಆರೋಪವನ್ನು ಸಿನಿಮಾ ಶಬ್ದದ ಮೂಲಕ ಆಡುತ್ತಿದೆ. ಬಾಯಿಬಿಟ್ಟ ಜಗಳವೂ ಒಂದಿದೆ: ಪರಿಸ್ಥಿತಿಯ ಮಿತಿಯಲ್ಲಿ ಫೋರ್ಡ್ ಒಳ್ಳೆಯವನೇ ಎಂದು ನಾರ್ಥಪ್ ವಾದಿಸುತ್ತಾನೆ, ಅವನು ಗುಲಾಮರ ಒಡೆಯ ಎಂದು ಎಲೈಜಾ ತಿರುಗೇಟು ಕೊಡುತ್ತಾಳೆ. ಕೊನೆಗೆ ನಾರ್ಥಪ್ ತಾನು ಸ್ವತಂತ್ರನೆಂದು ಹೇಳಿಕೊಂಡಾಗ ಫೋರ್ಡ್ ಅದನ್ನು ಕೇಳಿಸಿಕೊಳ್ಳಲು ಒಪ್ಪದೆ, ತನ್ನ ತಲೆಯ ಮೇಲಿನ ಸಾಲದ ಮಾತೆತ್ತುತ್ತಾನೆ. ಎಲೈಜಾಳ ಮಾತು ಅಲ್ಲಿಗೆ ನಿಜವಾಗುತ್ತದೆ.

ಆದರೆ ಪುಸ್ತಕ ತೆರೆದರೆ ಬೇರೆ ಚಿತ್ರ. ನಾರ್ಥಪ್ ತನ್ನ ಬರಹದಲ್ಲಿ ಫೋರ್ಡ್‌ನನ್ನು ಮನಸಾರೆ ಹೊಗಳುತ್ತಾನೆ. ಹುಟ್ಟಿದಂದಿನಿಂದ ಸುತ್ತಲಿದ್ದ ವಾತಾವರಣ ಆ ಮನುಷ್ಯನನ್ನು ಗುಲಾಮಗಿರಿಯ ಮೂಲದಲ್ಲಿರುವ ಅನ್ಯಾಯಕ್ಕೆ ಕುರುಡನನ್ನಾಗಿಸಿತ್ತು ಎಂದು ಬರೆಯುತ್ತಾನೆ. ಇಂಥ ವ್ಯತ್ಯಾಸ ಸಿಕ್ಕಾಗ ಸಿನಿಮಾ ತಪ್ಪು ಮಾಡಿದೆ ಎಂದು ಕೂಗಬೇಡಿ, ಪುಸ್ತಕ ಹಳೆಯದೆಂದು ತಳ್ಳಲೂ ಬೇಡಿ. ಯಾರು, ಯಾವಾಗ, ಯಾರಿಗಾಗಿ ಹೇಳುತ್ತಿದ್ದಾರೆ ಎಂದು ಕೇಳಿ. 1853ರಲ್ಲಿ ನಾರ್ಥಪ್ ಬಿಳಿಯ ಓದುಗರನ್ನು ಒಲಿಸಬೇಕಿತ್ತು. ತಾನು ದ್ವೇಷದಿಂದ ಬರೆಯುತ್ತಿಲ್ಲ ಎಂದು ತೋರಿಸಬೇಕಿತ್ತು. ಬಹುಶಃ ಫೋರ್ಡ್ ಬಗ್ಗೆ ಆತನಿಗೆ ನಿಜವಾದ ಕೃತಜ್ಞತೆಯೂ ಇತ್ತು. ಇಂದಿನ ನಿರ್ದೇಶಕನ ಎದುರಿಗಿರುವ ಅಪಾಯ ಬೇರೆ: ಪ್ರೇಕ್ಷಕ ತಾನು ಆ ಕಾಲದಲ್ಲಿದ್ದರೆ ಫೋರ್ಡ್‌ನಂತೆ ಇರುತ್ತಿದ್ದೆ ಎಂದುಕೊಂಡು ನೆಮ್ಮದಿಯಿಂದ ಎದ್ದುಹೋಗಬಹುದು. ಸಿನಿಮಾ ಆ ನೆಮ್ಮದಿಯ ಬಾಗಿಲನ್ನು ಮುಚ್ಚುತ್ತದೆ. ನನಗೆ ಸಿನಿಮಾದ ನಿಲುವು ಹೆಚ್ಚು ಒಪ್ಪಿಗೆ, ಆದರೆ ಪುಸ್ತಕದ ವಾಕ್ಯದಲ್ಲಿರುವ ಕುರುಡಿನ ವಿವರಣೆಯನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಅದು ಕ್ಷಮೆಯಾಗಿ ದುರ್ಬಲವಾದರೂ ರೋಗದ ಕಾರಣ ಗುರುತಿಸುವ ಮಾತಾಗಿ ಸರಿಯಾಗಿದೆ.

ಒಂದು ಶಾಟ್‌ನಲ್ಲಿ ಉಳಿದುಕೊಳ್ಳಿ

ಲೇಖನದ ನಡುಭಾಗಕ್ಕೆ ಒಂದೇ ದೃಶ್ಯವನ್ನು ಆರಿಸಿ, ಅದರಲ್ಲಿ ಬೇಸರವಾಗುವಷ್ಟು ಹೊತ್ತು ಇರಿ. ಫೋರ್ಡ್‌ನಿಂದ ನಾರ್ಥಪ್‌ನನ್ನು ಕೊಂಡ ಟಿಬೀಟ್ಸ್ ಎಂಬ ಬಡಗಿ ಅವನ ಕೊರಳಿಗೆ ಹಗ್ಗ ಬಿಗಿಯುವ ದೃಶ್ಯ ಇದಕ್ಕೆ ತಕ್ಕದ್ದು. ಚಾಪಿನ್ ಎಂಬ ಫೋರ್ಡ್‌ನ ಮೇಲ್ವಿಚಾರಕ ಪಿಸ್ತೂಲು ಹಿಡಿದು ಬಂದು ಟಿಬೀಟ್ಸ್‌ನನ್ನು ಓಡಿಸುತ್ತಾನೆ. ಆದರೆ ಹಗ್ಗ ಕತ್ತರಿಸುವುದಿಲ್ಲ. ನಾರ್ಥಪ್ ಕೆಸರಿನಲ್ಲಿ ಕಾಲಿನ ತುದಿ ಊರಿಕೊಂಡು, ಜಾರಿದರೆ ಉಸಿರು ಕಟ್ಟುವ ಸ್ಥಿತಿಯಲ್ಲಿ ನೇತಾಡುತ್ತಾನೆ. ಕ್ಯಾಮೆರಾ ಅಲುಗಾಡದೆ ನೋಡುತ್ತದೆ. ಹಿಂದೆ ಗುಡಿಸಲುಗಳಿಂದ ಜನ ಹೊರಬಂದು ತಮ್ಮ ತಮ್ಮ ಕೆಲಸಕ್ಕೆ ಹೊರಡುತ್ತಾರೆ, ಮಕ್ಕಳು ಆಟವಾಡುತ್ತಾರೆ. ಒಬ್ಬ ಹೆಂಗಸು ಓಡಿಬಂದು ನೀರು ಕುಡಿಸಿ ಓಡಿಹೋಗುತ್ತಾಳೆ. ಮನೆಯೊಡತಿ ಮಹಡಿಯ ಮೊಗಸಾಲೆಯಿಂದ ನೋಡುತ್ತಾಳೆ. ಹೊತ್ತು ಇಳಿಯುವಾಗ ಫೋರ್ಡ್ ಬಂದು ಹಗ್ಗ ಕತ್ತರಿಸುತ್ತಾನೆ.

ಈ ದೃಶ್ಯದಲ್ಲಿ ಕಾಣುವ ಒಬ್ಬೊಬ್ಬರ ಹೆಸರನ್ನೂ ಅಥವಾ ಗುರುತನ್ನೂ ಕಾಗದದ ಮೇಲೆ ಬರೆದುಕೊಂಡು, ಅವರ ಮುಂದೆ ನಾಲ್ಕು ಉತ್ತರಗಳನ್ನು ತುಂಬಿ. ಹೊರನೋಟಕ್ಕೆ ಎಲ್ಲರೂ ಮಾಡಿದ್ದು ಒಂದೇ: ಏನೂ ಮಾಡದಿರುವುದು. ಆದರೆ ಮಕ್ಕಳನ್ನು ಆಡಲು ಬಿಟ್ಟು ಕೆಲಸಕ್ಕೆ ಹೋದ ಗುಲಾಮನ ಸುಮ್ಮನಿರುವಿಕೆಗೂ ಚಾಪಿನ್‌ನ ಸುಮ್ಮನಿರುವಿಕೆಗೂ ಮೊಗಸಾಲೆಯ ಮೇಲಿನ ಒಡತಿಯ ಸುಮ್ಮನಿರುವಿಕೆಗೂ ಅಜಗಜಾಂತರ. ಮೊದಲನೆಯವನು ಹಗ್ಗಕ್ಕೆ ಕೈ ಹಾಕಿದರೆ ಮುಂದಿನ ಹಗ್ಗ ಅವನ ಕೊರಳಿಗೆ. ಚಾಪಿನ್‌ಗೆ ಅಂಥ ಭಯವಿಲ್ಲ. ಅವನು ಕಾಯುವುದು ಇನ್ನೊಬ್ಬರ ಸ್ವತ್ತಿನ ವಿಷಯದಲ್ಲಿ ಒಡೆಯನ ಅಪ್ಪಣೆಗಾಗಿ. ಒಡತಿಗೆ ಯಾವ ಅಡ್ಡಿಯೂ ಇರಲಿಲ್ಲ. ‘ಎಲ್ಲರೂ ಮೂಕ ಪ್ರೇಕ್ಷಕರಾದರು’ ಎಂದು ಒಂದು ವಾಕ್ಯ ಬರೆದುಬಿಟ್ಟರೆ ಈ ಮೂರೂ ಒಂದಾಗಿಬಿಡುತ್ತವೆ, ಮತ್ತು ಅದು ಬಲಿಪಶುಗಳ ಮೇಲೆ ಹೊರಿಸುವ ಇನ್ನೊಂದು ಅನ್ಯಾಯ.

ಇದೇ ದೃಶ್ಯದಲ್ಲಿ ಸುಲಭವಾಗಿ ಕಣ್ತಪ್ಪುವ ಒಂದು ಮಾತಿದೆ. ಟಿಬೀಟ್ಸ್‌ನನ್ನು ತಡೆಯಲು ಚಾಪಿನ್ ಮನುಷ್ಯತ್ವದ ಮಾತಾಡುವುದಿಲ್ಲ. ಈ ಗುಲಾಮನ ಮೇಲೆ ಫೋರ್ಡ್‌ಗೆ ಅಡಮಾನದ ಹಕ್ಕಿದೆ, ಇವನನ್ನು ಕೊಂದರೆ ಫೋರ್ಡ್‌ಗೆ ಬರಬೇಕಾದ ಹಣ ಮುಳುಗುತ್ತದೆ ಎನ್ನುತ್ತಾನೆ. ಪುಸ್ತಕದಲ್ಲಿ ಲೆಕ್ಕವೂ ಸಿಗುತ್ತದೆ: ಫೋರ್ಡ್ ನಾರ್ಥಪ್‌ನನ್ನು 1,000 ಡಾಲರ್‌ಗೆ ಕೊಂಡಿದ್ದ, ಸಾಲದ ಸುಳಿಗೆ ಸಿಕ್ಕಿ ಟಿಬೀಟ್ಸ್‌ಗೆ ಮಾರಿದಾಗ 400 ಡಾಲರ್ ಬಾಕಿ ಉಳಿದು ಅಷ್ಟಕ್ಕೆ ಅಡಮಾನ ಇಟ್ಟುಕೊಂಡಿದ್ದ. ಅಂದು ಒಬ್ಬ ಮನುಷ್ಯನ ಜೀವ ಉಳಿದದ್ದು ಕರುಣೆಯಿಂದಲ್ಲ, ಬಾಕಿ ಹಣದಿಂದ. ನೈತಿಕತೆಯ ಕುರಿತು ನಿಮ್ಮ ಲೇಖನದಲ್ಲಿ ಒಂದೇ ಒಂದು ಅಂಕಿ ಬಳಸುವುದಾದರೆ ಆ 400ನ್ನು ಬಳಸಿ.

ಎಪ್ಸ್‌ನನ್ನು ರಾಕ್ಷಸ ಎಂದು ಕರೆದರೆ ವಿಚಾರಣೆ ಮುಗಿದುಹೋಗುತ್ತದೆ

ಹೀಗೆ ಹತ್ತಿರದಿಂದ ನೋಡಿದ ಮೇಲೆ ಎಪ್ಸ್‌ನ ಕಡೆಗೆ ತಿರುಗಿ. ಆತ ಕುಡುಕ, ಕ್ರೂರಿ, ಪ್ಯಾಟ್ಸಿ ಎಂಬ ಹೆಣ್ಣಿನ ಮೇಲೆ ಪದೇ ಪದೇ ಅತ್ಯಾಚಾರ ಎಸಗುವವನು. ಅದನ್ನು ಮೋಹದ ಅಥವಾ ವಿಕೃತ ಪ್ರೇಮದ ಕಥೆಯಾಗಿ ಬರೆಯಬಾರದು; ಆಕೆಗೆ ಇಲ್ಲವೆನ್ನುವ ಹಕ್ಕೇ ಇರಲಿಲ್ಲ. ಆದರೆ ರಾಕ್ಷಸ ಎಂಬ ಬಿರುದು ಕೊಟ್ಟೊಡನೆ ಅವನು ಮನುಷ್ಯ ಸ್ವಭಾವದ ಚರ್ಚೆಯಿಂದಲೇ ಹೊರಬೀಳುತ್ತಾನೆ. ಅದರ ಬದಲು ಅವನ ಕ್ರೌರ್ಯ ಯಾವ ಉಪಕರಣಗಳ ಮೂಲಕ ಕೆಲಸ ಮಾಡುತ್ತದೆ ಎಂದು ನೋಡಿ. ಸಂಜೆಯ ಹೊತ್ತು ಕೊಟ್ಟಿಗೆಯಲ್ಲಿ ಹತ್ತಿಯ ಬುಟ್ಟಿಗಳನ್ನು ತೂಗುವ ದೃಶ್ಯವಿದೆ. ದಿನಕ್ಕೆ 200 ಪೌಂಡ್, ಅಂದರೆ ಸುಮಾರು 90 ಕಿಲೋ ಬಿಡಿಸುವುದು ಸಾಧಾರಣ ಆಳಿನ ಕೆಲಸವೆಂದೂ ಪ್ಯಾಟ್ಸಿ 500 ಪೌಂಡ್ ಬಿಡಿಸಬಲ್ಲಳೆಂದೂ ನಾರ್ಥಪ್ ಬರೆದಿದ್ದಾನೆ. ತೂಕ ಕಡಿಮೆ ಬಂದವರಿಗೆ ಚಾವಟಿ. ಇಲ್ಲಿ ಕೋಪಕ್ಕೂ ಮೊದಲು ತಕ್ಕಡಿ ಇದೆ; ಹೊಡೆತ ದಿನಚರಿಯ ಒಂದು ಬಾಬ್ತು.

ಧರ್ಮವೂ ಒಂದು ಉಪಕರಣವೇ. ಒಡೆಯನ ಇಚ್ಛೆ ತಿಳಿದೂ ನಡೆಯದ ಸೇವಕನಿಗೆ ಹೆಚ್ಚು ಪೆಟ್ಟು ಬೀಳುತ್ತದೆ ಎಂಬ ಲೂಕನ ಸುವಾರ್ತೆಯ 12ನೇ ಅಧ್ಯಾಯದ ವಚನವನ್ನು ಎಪ್ಸ್ ಗುಲಾಮರಿಗೆ ಓದಿ ಹೇಳುತ್ತಾನೆ. ಪುಸ್ತಕದಲ್ಲಿ ಈ ವಚನ ಓದುವವನು ಎಪ್ಸ್ ಅಲ್ಲ, ಫೋರ್ಡ್‌ನ ಬಂಧು ಪೀಟರ್ ಟ್ಯಾನರ್. ಸಿನಿಮಾ ಅದನ್ನು ಎಪ್ಸ್‌ನ ಬಾಯಿಗೆ ಕೊಟ್ಟದ್ದರಿಂದ ಫೋರ್ಡ್ ಮತ್ತು ಎಪ್ಸ್ ಒಂದೇ ಗ್ರಂಥದ ಇಬ್ಬರು ಓದುಗರಾಗಿ ಎದುರುಬದುರು ನಿಲ್ಲುತ್ತಾರೆ. ಇದು ಒಳ್ಳೆಯ ಬದಲಾವಣೆ ಎಂದು ನನ್ನ ಅನಿಸಿಕೆ.

ಕ್ರೌರ್ಯ ಹುಟ್ಟುಗುಣವೋ ಕಲಿತದ್ದೋ ಎಂಬ ಪ್ರಶ್ನೆ ಬಂದಾಗ ಆ ಕಾಲದವರ ಸಾಕ್ಷ್ಯವನ್ನೇ ತನ್ನಿ. ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ, ಮುಂದೆ ಅಮೆರಿಕದ ಅಧ್ಯಕ್ಷನೂ ಆದ ಥಾಮಸ್ ಜೆಫರ್ಸನ್ ತನ್ನ ವರ್ಜೀನಿಯಾ ಕುರಿತ ಪುಸ್ತಕದಲ್ಲಿ, ಅಪ್ಪ ಗುಲಾಮನ ಮೇಲೆ ಹರಿಹಾಯುವುದನ್ನು ನೋಡುವ ಮಗು ಅದೇ ಮುಖಭಾವವನ್ನು ಕಲಿತು ತನಗಿಂತ ಚಿಕ್ಕ ಗುಲಾಮರ ಮೇಲೆ ಪ್ರಯೋಗಿಸುತ್ತದೆ ಎಂದು ಬರೆದ. ಬರೆದೂ ಒಡೆಯನಾಗಿಯೇ ಉಳಿದ. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ 1845ರ ಆತ್ಮಕಥೆಯಲ್ಲಿ ಬಾಲ್ಟಿಮೋರ್‌ನ ಸೋಫಿಯಾ ಆಲ್ಡ್ ಎಂಬಾಕೆಯ ಬಗ್ಗೆ ಹೇಳುತ್ತಾನೆ: ಅದುವರೆಗೆ ಗುಲಾಮರ ಒಡತಿಯಾಗಿರದ ಆಕೆ ಅಕ್ಕರೆಯಿಂದ ಅವನಿಗೆ ಅಕ್ಷರ ಕಲಿಸಲು ತೊಡಗಿದಳು, ಗಂಡ ತಡೆದ ಮೇಲೆ ನಿಲ್ಲಿಸಿದಳು, ಬರಬರುತ್ತಾ ಗಂಡನಿಗಿಂತ ಕಠಿಣಳಾದಳು. ಎಪ್ಸ್‌ನ ಹೆಂಡತಿಯನ್ನು ಅರ್ಥಮಾಡಿಕೊಳ್ಳಲು ಈ ಹಿನ್ನೆಲೆ ನೆರವಾಗುತ್ತದೆ. ಆಕೆಗೆ ಗಂಡನಿಂದ ಅವಮಾನ ನಿಜ, ಆದರೆ ತೀರಿಸಿಕೊಳ್ಳುವುದು ಪ್ಯಾಟ್ಸಿಯ ಮೇಲೆ, ಏಕೆಂದರೆ ಕೈಗೆ ಎಟಕುವವಳು ಅವಳೇ.

ನೊಂದವರನ್ನು ಸಂತರನ್ನಾಗಿಸಬೇಡಿ

ಬರೆಯಲು ಅತ್ಯಂತ ಕಷ್ಟದ ಭಾಗ ಇದು. ಸೋಪಿಗಾಗಿ ನೆರೆಯ ತೋಟಕ್ಕೆ ಹೋಗಿಬಂದ ತಪ್ಪಿಗೆ ಪ್ಯಾಟ್ಸಿಯನ್ನು ಕಂಬಕ್ಕೆ ಕಟ್ಟಿ, ನಾರ್ಥಪ್‌ನ ಕೈಗೆ ಚಾವಟಿ ಕೊಟ್ಟು ಹೊಡೆಯುವಂತೆ ಎಪ್ಸ್ ಬಲವಂತ ಮಾಡುತ್ತಾನೆ. ಕತ್ತರಿ ಹಾಕದ ಆ ಉದ್ದನೆಯ ಶಾಟ್‌ನಲ್ಲಿ ಕ್ಯಾಮೆರಾ ಹೊಡೆಯುವವನಿಂದ ಹೊಡೆಸಿಕೊಳ್ಳುವವಳ ಕಡೆಗೆ, ಹೊಡೆಸುವವನ ಕಡೆಗೆ, ನೋಡುತ್ತಿರುವ ಹೆಂಡತಿಯ ಕಡೆಗೆ ಸುತ್ತುತ್ತದೆ. ನಾರ್ಥಪ್ ನಿರಪರಾಧಿ ಎಂದು ಬೇಗ ಬರೆದು ಮುಂದೆ ಹೋಗುವ ಆಸೆಯಾಗುತ್ತದೆ. ತಡೆಯಿರಿ. ಅವನನ್ನು ದೂಷಿಸಲಾಗದು ಎಂಬುದೂ, ಹೊಡೆದದ್ದು ಅವನ ಕೈಯೇ ಎಂಬುದೂ ಎರಡೂ ನಿಜ, ಪುಸ್ತಕದಲ್ಲಿ ಅವನೇ ಇದನ್ನು ಮರೆಮಾಚುವುದಿಲ್ಲ. ಎರಡನ್ನೂ ಒಂದೇ ವಾಕ್ಯದಲ್ಲಿ ಹಿಡಿದಿಡಲು ಬಂದರೆ ನಿಮ್ಮ ಲೇಖನ ಗೆದ್ದಂತೆ.

ಹಾಗೆಯೇ ನಾರ್ಥಪ್ ಹೇಳುವ ಸುಳ್ಳನ್ನು ನೋಡಿ. ತನ್ನ ಕಾಗದವನ್ನು ಅಂಚೆಗೆ ಹಾಕುವೆನೆಂದು ಹಣ ಪಡೆದ ಆರ್ಮ್ಸ್‌ಬಿ ಎಂಬ ಬಡ ಬಿಳಿಯ ಕೂಲಿ ಎಪ್ಸ್‌ಗೆ ವಿಷಯ ಮುಟ್ಟಿಸಿದಾಗ, ನಾರ್ಥಪ್ ಕಣ್ಣು ಮಿಟುಕಿಸದೆ ಸುಳ್ಳು ಹೇಳಿ ಪಾರಾಗುತ್ತಾನೆ, ಬಳಿಕ ಕಾಗದವನ್ನು ಸುಡುತ್ತಾನೆ. ಸತ್ಯ ಹೇಳಿದವನು ದ್ರೋಹಿ, ಸುಳ್ಳು ಹೇಳಿದವನು ಸರಿ. ನೆರೆಯ ತೋಟದ ಶಾ ಎಂಬ ಹೆಂಗಸು ಗುಲಾಮಳಾಗಿದ್ದು ಒಡೆಯನ ಸಂಗಾತಿಯಾಗಿ ಈಗ ಚಹಾ ಕುಡಿಯುತ್ತಾ ಕುಳಿತಿದ್ದಾಳೆ. ಅವಳನ್ನು ಅವಕಾಶವಾದಿ ಎನ್ನುವ ಮೊದಲು ಅವಳ ಮುಂದಿದ್ದ ಇನ್ನೊಂದು ದಾರಿ ಪ್ಯಾಟ್ಸಿಯದು ಎಂಬುದನ್ನು ನೆನೆಯಿರಿ.

ಬ್ಯಾಸ್ ಎಂಬ ಕೆನಡಾದ ಬಡಗಿಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಆತ ಧೈರ್ಯವಂತ, ನಾರ್ಥಪ್‌ನ ಪರವಾಗಿ ಅವನ ಊರಿನವರಿಗೆ ಕಾಗದ ಬರೆದ, ಭಯವನ್ನೂ ಒಪ್ಪಿಕೊಂಡ. ಆದರೆ ಒಬ್ಬ ಒಳ್ಳೆಯ ಬಿಳಿಯ ಬಂದು ಬಿಡಿಸಿದ ಎಂದು ಕಥೆ ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. ಅಪಹೃತರಾದ ಸ್ವತಂತ್ರ ನಾಗರಿಕರನ್ನು ಮರಳಿ ತರಲು ನ್ಯೂಯಾರ್ಕ್ 1840ರಲ್ಲಿ ಮಾಡಿದ್ದ ಕಾನೂನು, ರಾಜ್ಯಪಾಲರ ನೇಮಕಪತ್ರ, ಅದನ್ನು ಹಿಡಿದು ಲೂಯಿಸಿಯಾನಾಕ್ಕೆ ಹೋದ ವಕೀಲ ಹೆನ್ರಿ ಬಿ. ನಾರ್ಥಪ್, ಇವಿಲ್ಲದೆ ಕಾಗದವೊಂದೇ ಏನೂ ಮಾಡುತ್ತಿರಲಿಲ್ಲ. ಆ ವಕೀಲನ ಮನೆತನದವರೇ ಒಂದು ಕಾಲಕ್ಕೆ ಸಾಲೊಮನ್‌ನ ತಂದೆಯ ಒಡೆಯರಾಗಿದ್ದರು. ಹೆಸರು ಒಂದೇ ಆಗಿರುವುದು ಅದರಿಂದ.

ಬರೆಯುವಾಗ

ಕರಡು ಸಿದ್ಧವಾದ ಮೇಲೆ ಕೆಲವನ್ನು ತಪ್ಪದೆ ಪರಿಶೀಲಿಸಿ. ಯಾವುದು ಪುಸ್ತಕದ್ದು, ಯಾವುದು ಸಿನಿಮಾದ್ದು ಎಂದು ಓದುಗರಿಗೆ ಸ್ಪಷ್ಟವಾಗಿದೆಯೇ ನೋಡಿ. ಗಾಯಗಳ ವರ್ಣನೆ ಅಲಂಕಾರವಾಗಿದ್ದರೆ ಹೊಡೆದುಹಾಕಿ. ಹಿಂಸೆಯನ್ನು ಹೇಳಲು ಯಾರು ಯಾರಿಗೆ ಏನು ಮಾಡಿದರು ಎಂಬ ಸರಳ ವಾಕ್ಯವೇ ಸಾಕು. ‘ನಾನಾಗಿದ್ದರೆ ಎದುರಿಸುತ್ತಿದ್ದೆ’ ಎಂಬ ಧಾಟಿಯ ಮಾತು ಎಲ್ಲಿ ನುಸುಳಿದ್ದರೂ ತೆಗೆಯಿರಿ. ‘ಮನುಷ್ಯ’, ‘ಸಮಾಜ’ ಎಂಬ ಶಬ್ದಗಳು ಕರ್ತೃವಾಗಿರುವ ವಾಕ್ಯಗಳ ಕೆಳಗೆ ಗೆರೆ ಎಳೆದು, ಅಲ್ಲಿ ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರನ್ನು ಇಟ್ಟರೆ ವಾಕ್ಯ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ. ನಿಲ್ಲದಿದ್ದರೆ ಆ ವಾಕ್ಯ ಸಿನಿಮಾದಿಂದ ಬಂದದ್ದಲ್ಲ.

ಕೊನೆಯದಾಗಿ, ನಿಮ್ಮ ಲೇಖನವನ್ನು ನಾರ್ಥಪ್ ಮನೆಗೆ ಮರಳಿ ಹೆಂಡತಿ ಮಕ್ಕಳನ್ನು ಅಪ್ಪಿಕೊಳ್ಳುವಲ್ಲಿಗೆ ನಿಲ್ಲಿಸಬೇಡಿ. ಗಾಡಿ ಹೊರಟಾಗ ಪ್ಯಾಟ್ಸಿ ಎಪ್ಸ್‌ನ ಅಂಗಳದಲ್ಲೇ ಉಳಿದಳು. 1860ರ ಜನಗಣತಿಯಲ್ಲಿ ಆಕೆಯಂಥವರ ಸಂಖ್ಯೆ ಸುಮಾರು 40 ಲಕ್ಷ. ಗುಲಾಮಗಿರಿಯನ್ನು ರದ್ದುಪಡಿಸಿದ ಸಂವಿಧಾನ ತಿದ್ದುಪಡಿ ಬಂದದ್ದು 1865ರಲ್ಲಿ. ನಾರ್ಥಪ್‌ನನ್ನು ಮಾರಿದ ವ್ಯಾಪಾರಿಯನ್ನು ವಾಷಿಂಗ್ಟನ್‌ನಲ್ಲಿ ನ್ಯಾಯಾಲಯಕ್ಕೆ ಎಳೆದಾಗ ಕಪ್ಪು ವರ್ಣದವನೆಂಬ ಕಾರಣಕ್ಕೆ ನಾರ್ಥಪ್‌ಗೆ ಸಾಕ್ಷಿ ಹೇಳಲು ಬಿಡಲಿಲ್ಲ, ವ್ಯಾಪಾರಿ ಬಿಡುಗಡೆಯಾದ. ಅಪಹರಿಸಿದ ಇಬ್ಬರು 1854ರಲ್ಲಿ ಸೆರೆ ಸಿಕ್ಕರೂ 1857ರಲ್ಲಿ ಮೊಕದ್ದಮೆಯನ್ನು ಕೈಬಿಡಲಾಯಿತು.